ಇಂಡಕ್ಷನ್ ಒಲೆ ಗುಂಯ್ ಅನ್ನೋದು ಯಾಕೆ?

ನಾರಾಯಣಪೇಟೆ, ಗದ್ವಾಲದಲ್ಲಿ ಸೀರೆ ನೇಯುವವರಿಗೆ ಮಗ್ಗದ ಸದ್ದು ಬದಲಾದರೆ ಕೂಡಲೇ ಗೊತ್ತಾಗುತ್ತದೆ. ಇಂಡಕ್ಷನ್ ಒಲೆಯ ಸದ್ದನ್ನೂ ಹಾಗೇ ಕೇಳಬೇಕು.

ಈ ಒಲೆಯಲ್ಲಿ ಬೆಂಕಿ ಇಲ್ಲ. ಗಾಜಿನ ಕೆಳಗೆ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟ್ ಹರಿದಾಗ ಮೇಲಿನ ಕಬ್ಬಿಣದ ಹಂಚು ಕಾಯುತ್ತದೆ. ಒಳಗಿನ ಭಾಗಗಳೂ ಬಿಸಿಯಾಗುತ್ತವೆ. ಅವನ್ನು ತಣ್ಣಗಿಡಲು ಸಣ್ಣ ಫ್ಯಾನ್ ಇದೆ. ಗುಂಯ್ ಅನ್ನೋದು ಅದೇ.

ಒಲೆ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ. 'ಕರೆಂಟ್ ದಂಡ ಆಗ್ತದ' ಅಂತ ಪ್ಲಗ್ ಕೀಳಬೇಡಿ. ಫ್ಯಾನಿಗೆ ಬೇಕಾದ ಕರೆಂಟ್ ಬಹಳ ಕಡಿಮೆ. ನಡುವೆ ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತದೆ. ಆಗ ಬಿಸಿ ಪಾತ್ರೆಯನ್ನು ಕೆಳಗಿಳಿಸಿ.

ಮಕ್ತಲ್ ಕಡೆಯ ಬೇಸಿಗೆ ನಿಮಗೆ ಹೇಳಬೇಕೇ? 40 ಡಿಗ್ರಿ ದಾಟಿದಾಗ ಒಲೆ ಎಳೆದುಕೊಳ್ಳುವ ಗಾಳಿಯೂ ಬಿಸಿ. ಒಲೆಯನ್ನು ಗೋಡೆಗೆ ಒತ್ತಿ ಇಡಬೇಡಿ. ಅರ್ಧ ಗೇಣು ಜಾಗ ಬಿಡಿ. ಕೆಳಗೆ ಬಟ್ಟೆ, ಪೇಪರ್ ಹಾಸಬೇಡಿ. ಗಾಳಿಯ ತೂತು ಮುಚ್ಚಿಹೋಗುತ್ತದೆ.

ಬೇರೆ ಸದ್ದು ಬಂತೇ? ಪಾತ್ರೆ ಎತ್ತಿ ನೋಡಿ. ನಿಂತರೆ ಅದು ಪಾತ್ರೆಯ ಸದ್ದು, ಚಿಂತೆ ಇಲ್ಲ. ಕಟಕಟ ಅಂತಲೇ ಇದ್ದರೆ ಧೂಳು, ಜಿಡ್ಡು, ಜಿರಲೆ ಸೇರಿರಬಹುದು. ಪ್ಲಗ್ ತೆಗೆದು, ಒಲೆ ತಣ್ಣಗಾದ ಮೇಲೆ ತೂತುಗಳನ್ನು ಒಣ ಬ್ರಷ್ಷಿನಿಂದ ಉಜ್ಜಿ. ನೀರು ಹಾಕಬೇಡಿ.

ಅಡಿಗೆ ಮಾಡುವಾಗ ಫ್ಯಾನಿನ ಸದ್ದೇ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು. ಒಳಗಿನ ಬೋರ್ಡ್ ಸುಟ್ಟುಹೋಗಬಹುದು. ಒಲೆ ಆರಿಸಿ, ರಿಪೇರಿಯವರಿಗೆ ತೋರಿಸಿ. ನೀವೇ ಬಿಚ್ಚಬೇಡಿ.