ಹಾಡು ಮೊದಲೋ, ರಂಗ ಮೊದಲೋ?

ಕಂಪನಿ ನಾಟಕಗಳ ಪ್ರೇಕ್ಷಕನಿಗೆ ಒಂದು ಅನುಕೂಲವಿತ್ತು. ನಾಟಕ ಊರಿಗೆ ಬರುವ ಮೊದಲೇ ಅದರ ನಾಲ್ಕಾರು ಹಾಡುಗಳು ಗ್ರಾಮಫೋನ್ ತಟ್ಟೆಯ ಮೂಲಕವೋ ಬಾಯಿಂದ ಬಾಯಿಗೋ ಅವನ ಕಿವಿಗೆ ಬಿದ್ದಿರುತ್ತಿದ್ದುದುಂಟು. ರಂಗಮಂದಿರದಲ್ಲಿ ಅವನು ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದುದಕ್ಕೆ ಈ ಹಳೆಯ ಪರಿಚಯವೂ ಒಂದು ಕಾರಣ. ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ಪಾಪ್ ಮತ್ತು ರಾಕ್ ಶೈಲಿಯ ಹೊಸ ಸಂಗೀತನಾಟಕವೊಂದನ್ನು ರಂಗಕ್ಕೆ ತರಹೊರಟವರ ಮೊದಲ ತೊಡಕು ಈ ಪರಿಚಯದ ಅಭಾವವೇ ಆಗಿದೆ. ಹಳೆಯ ಚಲನಚಿತ್ರವನ್ನೋ ಪ್ರಖ್ಯಾತ ಗಾಯಕನ ಹಳೆಯ ಹಾಡುಗಳನ್ನೋ ಆಧರಿಸಿದ ನಾಟಕಕ್ಕೆ ಹೆಸರೇ ಬಂಡವಾಳ. ಕಥೆಯೂ ಹೊಸದು, ಹಾಡೂ ಹೊಸದು ಎಂಬ ನಾಟಕಕ್ಕೆ ಯಾರು ಬರುತ್ತಾರೆ?

‘ಮ್ಯೂಸಿಕಲ್’ ಎಂದು ಅಲ್ಲಿ ಕರೆಯುವ ಈ ಪ್ರಕಾರ ನಮ್ಮ ಪು.ತಿ.ನ. ಅವರ ಗೀತನಾಟಕಕ್ಕಿಂತ ಕಂಪನಿ ನಾಟಕಕ್ಕೆ ಹೆಚ್ಚು ಹತ್ತಿರದ ನಂಟ. ಮಾತು, ಹಾಡು, ಕುಣಿತ ಮೂರೂ ಬೆರೆತದ್ದು. 1968ರಲ್ಲಿ ‘ಹೇರ್’ ಎಂಬ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ತೆರೆಕಂಡು 1,750 ಪ್ರದರ್ಶನಗಳನ್ನು ಪೂರೈಸಿದ ಮೇಲೆ ರಾಕ್ ಸಂಗೀತಕ್ಕೆ ಅಲ್ಲಿ ಪ್ರವೇಶ ದೊರೆಯಿತು. ಆ ಸಂಗೀತದ ಅಬ್ಬರ ನನ್ನ ಕಿವಿಗೆ ಇಂದಿಗೂ ಪೂರ್ತಿಯಾಗಿ ಒಗ್ಗಿಲ್ಲ. ಆದರೆ ಅದರ ರಂಗಚರಿತ್ರೆ ಮಾತ್ರ ಬಹು ಸ್ವಾರಸ್ಯಕರವಾದುದು.

ಆಂಡ್ರ್ಯೂ ಲಾಯ್ಡ್ ವೆಬರ್ ಮತ್ತು ಟಿಮ್ ರೈಸ್ ಎಂಬಿಬ್ಬರು ತರುಣರು ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ರಚಿಸಿದಾಗ ಅದನ್ನು ಆಡಿಸಲು ನಿರ್ಮಾಪಕರು ಮುಂದೆ ಬರಲಿಲ್ಲ. ಅವರು ಅದನ್ನು 1970ರಲ್ಲಿ ಧ್ವನಿಮುದ್ರಿಕೆಯಾಗಿ ಹೊರತಂದರು. ಬ್ರಿಟನ್ನಿನಲ್ಲಿ ಅದಕ್ಕೆ ದೊರೆತ ಸ್ವಾಗತ ಸಾಧಾರಣ. ಅಮೆರಿಕದಲ್ಲಾದರೋ ಮರುವರ್ಷ ಅದು ಮಾರಾಟದ ಪಟ್ಟಿಯ ಶಿಖರಕ್ಕೇರಿತು. ಅನುಮತಿಯನ್ನೂ ಕೇಳದೆ ತಂಡಗಳು ಊರೂರಿನಲ್ಲಿ ಅದನ್ನು ಹಾಡತೊಡಗಿದವು. 1971ರ ಅಕ್ಟೋಬರಿನಲ್ಲಿ ನಾಟಕ ಬ್ರಾಡ್‌ವೇಗೆ ಬರುವ ಹೊತ್ತಿಗೆ ಪ್ರೇಕ್ಷಕರು ಹಾಡುಗಳನ್ನು ಕಲಿತೇ ಬಂದಿದ್ದರು. ಅಲ್ಲಿ 711 ಪ್ರದರ್ಶನಗಳಾದವು; ಮರುವರ್ಷ ಲಂಡನ್ನಿನಲ್ಲಿ ಆರಂಭವಾದದ್ದು ಎಂಟು ವರ್ಷ ನಡೆಯಿತು.

ಹಾಗಾದರೆ ಹಾಡು ಮೊದಲು ಹರಡಿದರೆ ಸಾಕೇ? ಸಾಲದು ಎಂಬುದಕ್ಕೆ ಜೋ ಐಕೋನಿಸ್ ಸಂಗೀತ ನೀಡಿದ ‘ಬಿ ಮೋರ್ ಚಿಲ್’ ನಿದರ್ಶನ. 2015ರಲ್ಲಿ ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಎಂಬ ಪಟ್ಟಣದಲ್ಲಿ ಕೆಲವು ವಾರ ನಡೆದು, ವಿಮರ್ಶಕರ ಒಲವನ್ನೂ ಗಳಿಸದೆ ಅದು ನಿಂತುಹೋಯಿತು. ಉಳಿದದ್ದು ಧ್ವನಿಮುದ್ರಿಕೆಯೊಂದೇ. ಎರಡು ವರ್ಷಗಳ ತರುವಾಯ ಹದಿಹರೆಯದ ಹುಡುಗ ಹುಡುಗಿಯರು ಅದನ್ನು ಅಂತರಜಾಲದಲ್ಲಿ ಕಂಡುಕೊಂಡರು. ಕೇಳಿದ ಸಂಖ್ಯೆ ಹತ್ತು ಕೋಟಿಯನ್ನು ದಾಟಿತು. ಅವರ ಒತ್ತಾಸೆಯಿಂದಲೇ ಸತ್ತ ನಾಟಕಕ್ಕೆ ಜೀವ ಬಂದು, 2019ರ ಮಾರ್ಚಿನಲ್ಲಿ ಅದು ಬ್ರಾಡ್‌ವೇಯ ಲೈಸಿಯಂ ರಂಗಮಂದಿರವನ್ನು ಸೇರಿತು. ಆಗಸ್ಟಿನಲ್ಲಿ ಮುಚ್ಚಿತು.

ಈ ವಿಪರ್ಯಾಸಕ್ಕೆ ಕಾರಣ ಸರಳವಾದ ಗಣಿತದಲ್ಲಿದೆ. ಲೈಸಿಯಂ ಅಲ್ಲಿನ ಚಿಕ್ಕ ಮಂದಿರಗಳಲ್ಲೊಂದು. ಆಸನಗಳು ಒಂಬೈನೂರಕ್ಕೆ ತುಸು ಹೆಚ್ಚು. ಬ್ರಾಡ್‌ವೇಯ ವಾಡಿಕೆಯಂತೆ ವಾರಕ್ಕೆ ಎಂಟು ಪ್ರದರ್ಶನ. ಅಂದರೆ ಪ್ರತಿ ವಾರವೂ ಏಳು ಸಾವಿರಕ್ಕೂ ಮಿಕ್ಕ ಆಸನಗಳು ತುಂಬಬೇಕು, ಅದೂ ಒಂದೇ ಊರಿನ ಒಂದೇ ಬೀದಿಯಲ್ಲಿ. ದೂರದ ಯಾವುದೋ ಪಟ್ಟಣದಲ್ಲಿ ಕುಳಿತು ನೂರು ಬಾರಿ ಹಾಡು ಕೇಳುವ ಹದಿನೈದರ ಹುಡುಗಿ ನ್ಯೂಯಾರ್ಕಿಗೆ ಎಷ್ಟು ಬಾರಿ ಬಂದಾಳು? ಬ್ರಾಡ್‌ವೇ ಪ್ರೇಕ್ಷಕನ ಸರಾಸರಿ ವಯಸ್ಸು ನಲವತ್ತರ ಆಚೆಯದು. ಕೇಳುವವರು ಒಬ್ಬರು, ಕೊಳ್ಳುವವರು ಮತ್ತೊಬ್ಬರು. ಪ್ರೇಕ್ಷಕರು ಇಲ್ಲವೆಂದಲ್ಲ, ಅವರು ಬಂದು ಸೇರುವವರೆಗೆ ಬಾಡಿಗೆ, ಸಂಬಳಗಳನ್ನು ತೆತ್ತು ಕಾಯುವ ಶಕ್ತಿ ನಾಟಕಕ್ಕೆ ಇರುವುದಿಲ್ಲ. ಹೂಡಿದ ಹಣವನ್ನು ಮರಳಿ ಕಾಣದ ಸಂಗೀತನಾಟಕಗಳೇ ಅಲ್ಲಿ ಬಹುಪಾಲು.

ಇನ್ನೊಂದು ತೊಡಕು ಹಾಡಿನ ಸ್ವಭಾವದಲ್ಲಿಯೇ ಇದೆ. ಪಾಪ್ ಹಾಡು ಒಂದೇ ಭಾವವನ್ನು ಹಿಡಿದು, ಪಲ್ಲವಿಗೆ ಮರಳಿ ಮರಳಿ ಬಂದು, ಅಲ್ಲೇ ಸುತ್ತುತ್ತದೆ. ಅದರ ಸೊಗಸೂ ಅದೇ. ರಂಗದ ಹಾಡು ಹಾಗಲ್ಲ. ಹಾಡು ಮುಗಿಯುವಾಗ ಪಾತ್ರ ಆರಂಭದಲ್ಲಿದ್ದ ಸ್ಥಳದಲ್ಲಿ ಇರಬಾರದು, ಕಥೆ ಒಂದು ಹೆಜ್ಜೆಯಾದರೂ ಮುಂದೆ ಹೋಗಿರಬೇಕು. ಚದುರಂಗದ ಪಂದ್ಯವನ್ನು ವಸ್ತುವಾಗಿ ಉಳ್ಳ ‘ಚೆಸ್’ ಈ ಬಿಕ್ಕಟ್ಟಿನಲ್ಲಿ ಸಿಲುಕಿತು. 1984ರ ಅದರ ಧ್ವನಿಮುದ್ರಿಕೆಯ ಎರಡು ಹಾಡುಗಳು ಜಗತ್ತಿನ ಅನೇಕ ಕಡೆ ಮನೆಮಾತಾದವು. ಲಂಡನ್ನಿನಲ್ಲಿ ನಾಟಕ ಮೂರು ವರ್ಷಗಳಷ್ಟು ಕಾಲ ನಡೆಯಿತು. ಕಥೆಯನ್ನು ತಿದ್ದಿ 1988ರಲ್ಲಿ ನ್ಯೂಯಾರ್ಕಿಗೆ ತಂದಾಗ ಎರಡೇ ತಿಂಗಳಲ್ಲಿ ತೆರೆ ಬಿತ್ತು. ಹಾಡುಗಳನ್ನು ಎಲ್ಲರೂ ಮೆಚ್ಚಿದರು, ಕಥೆಯನ್ನು ಎಲ್ಲರೂ ದೂರಿದರು. 2025ರ ನವೆಂಬರಿನಲ್ಲಿ, ಮತ್ತೊಮ್ಮೆ ಹೊಸದಾಗಿ ಬರೆದ ಮಾತುಗಳೊಡನೆ, ಅದೇ ಇಂಪೀರಿಯಲ್ ರಂಗಮಂದಿರದಲ್ಲಿ ಅದು ಪುನಃ ರಂಗವೇರಿತು. ಮೂವತ್ತೇಳು ವರ್ಷ ಹಾಡುಗಳು ನಾಟಕಕ್ಕಾಗಿ ಕಾದಿದ್ದವು ಎನ್ನಬೇಕು!

‘ಸಿಕ್ಸ್’ ಬರೆದ ಕೇಂಬ್ರಿಜ್ ವಿದ್ಯಾರ್ಥಿಗಳು ಜಾಣರು. ಎಂಟನೆಯ ಹೆನ್ರಿಯ ಆರು ಮಂದಿ ರಾಣಿಯರನ್ನು ಪಾಪ್ ಗಾಯಕಿಯರನ್ನಾಗಿಸಿ, ನಾಟಕವನ್ನೇ ಒಂದು ಗಾಯನ ಸ್ಪರ್ಧೆಯನ್ನಾಗಿ ಮಾಡಿಬಿಟ್ಟರು. ಹಾಡು ಕಥೆಯನ್ನು ಎಳೆಯಬೇಕಾದ ಹೊರೆಯೇ ತಪ್ಪಿತು. 2017ರ ಎಡಿನ್‌ಬರೊ ಉತ್ಸವದಲ್ಲಿ ಹುಟ್ಟಿದ ಅದು 2020ರ ಮಾರ್ಚ್ 12ರಂದು ಬ್ರಾಡ್‌ವೇಯಲ್ಲಿ ಉದ್ಘಾಟನೆಗೊಳ್ಳಬೇಕಾಗಿತ್ತು. ಆ ದಿನವೇ ಕೋವಿಡ್ ಕಾರಣದಿಂದ ಎಲ್ಲ ರಂಗಮಂದಿರಗಳೂ ಮುಚ್ಚಿದವು. ಉದ್ಘಾಟನೆಯಾದದ್ದು ಮರುವರ್ಷದ ಅಕ್ಟೋಬರಿನಲ್ಲಿ. ಅಷ್ಟು ಕಾಲವೂ ಕೇಳುಗರು ಧ್ವನಿಮುದ್ರಿಕೆಯೊಡನೆ ಇದ್ದರು, ನಾಟಕ ಉಳಿಯಿತು.

ಕೊನೆಗೆ ‘ರೆಂಟ್’ ನಾಟಕದ ವಿಚಾರ. ಜೊನಾಥನ್ ಲಾರ್ಸನ್ ಹೋಟೆಲೊಂದರಲ್ಲಿ ಗಿರಾಕಿಗಳಿಗೆ ಊಟ ತಂದಿಡುವ ಕೆಲಸ ಮಾಡುತ್ತ, ವರ್ಷಗಟ್ಟಲೆ ಅದನ್ನು ಬರೆದು, ತಿದ್ದಿ, ಮತ್ತೆ ಬರೆದರು. ಅದಕ್ಕೆ ಮೊದಲು ರಚಿಸಿದ್ದ ‘ಸುಪರ್ಬಿಯಾ’ ಎಂಬ ರಾಕ್ ನಾಟಕಕ್ಕೆ ಪೂರ್ಣ ಪ್ರಮಾಣದ ಪ್ರದರ್ಶನದ ಭಾಗ್ಯವೇ ಇರಲಿಲ್ಲ. ‘ರೆಂಟ್’ ನಾಟಕದ ಮೊದಲ ಪೂರ್ವಪ್ರದರ್ಶನ ನಿಗದಿಯಾಗಿದ್ದ 1996ರ ಜನವರಿ 25ರ ನಸುಕಿನಲ್ಲಿ ಅವರು ಹೃದಯದ ಮಹಾಧಮನಿ ಸೀಳಿ ತೀರಿಕೊಂಡರು. ವಯಸ್ಸು ಮೂವತ್ತೈದು. ಅಂದು ರಾತ್ರಿ ನಟರು ಮೇಜುಗಳ ಹಿಂದೆ ಕುಳಿತು ಹಾಡುವುದಷ್ಟೇ ಎಂದು ನಿಶ್ಚಯವಾಗಿತ್ತು. ಹಾಡುತ್ತ ಹಾಡುತ್ತ ತಡೆಯಲಾರದೆ ಎದ್ದು ಅಭಿನಯಿಸಿದರು.

ಏಪ್ರಿಲಿನಲ್ಲಿ ನಾಟಕ ಬ್ರಾಡ್‌ವೇಗೆ ಹೋಯಿತು. ಅದರ ನಿರ್ಮಾಪಕರು ಅಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ವಿವೇಕದ್ದೆಂದು ತೋರುತ್ತದೆ. ಅತ್ಯಂತ ದುಬಾರಿಯಾಗಬೇಕಾಗಿದ್ದ ಮುಂದಿನ ಎರಡು ಸಾಲುಗಳ ಆಸನಗಳನ್ನು ಇಪ್ಪತ್ತು ಡಾಲರಿಗೆ, ಆಯಾ ದಿನವೇ ಮಾರಿದರು. ಯಾರ ಬದುಕನ್ನು ನಾಟಕ ಹಾಡುತ್ತಿತ್ತೋ ಆ ಬರಿಗೈಯ ತರುಣರೇ ನಟರ ಎದುರಿಗೆ ಬಂದು ಕುಳಿತರು; ಹಿಂದಿನ ಸಾಲುಗಳ ಹಣವಂತರು ಅವರ ಕೇಕೆಯನ್ನು ಕೇಳುತ್ತ ನಾಟಕ ನೋಡಿದರು. ಆ ಟಿಕೆಟಿಗಾಗಿ ಹುಡುಗರು ರಾತ್ರಿಯೆಲ್ಲ ಕಾಲುದಾರಿಯ ಮೇಲೆ ಮಲಗತೊಡಗಿದಾಗ ಚೀಟಿ ಎತ್ತುವ ಪದ್ಧತಿ ಬಂದಿತು. ಹನ್ನೆರಡು ವರ್ಷಗಳಲ್ಲಿ 5,123 ಪ್ರದರ್ಶನಗಳಾಗಿ, 2008ರ ಸೆಪ್ಟೆಂಬರಿನಲ್ಲಿ ನಾಟಕ ಮುಗಿಯಿತು. ಇಂದು ಬ್ರಾಡ್‌ವೇಯ ಹಲವಾರು ನಾಟಕಗಳಿಗೆ ಇಂಥ ಚೀಟಿಯ ಏರ್ಪಾಡು ಇದೆ.