ಕೇಂದ್ರಾಪಗಾಮಿ ಪಂಪಿನ ಇಂಪೆಲ್ಲರ್ ವ್ಯಾಸ ನಿರ್ಣಯ

ಕೇಂದ್ರಾಪಗಾಮಿ ಪಂಪಿನ ಇಂಪೆಲ್ಲರ್ ವ್ಯಾಸ ನಿರ್ಣಯ ಎಂದರೆ, ಈಗಾಗಲೇ ಸ್ಥಾಪಿತವಾಗಿ ಕೆಲಸ ಮಾಡುತ್ತಿರುವ ಪಂಪಿನೊಳಗೆ ಇರುವ ಇಂಪೆಲ್ಲರಿನ ಹೊರವ್ಯಾಸವನ್ನು ಅಳತೆ ಅಥವಾ ಲೆಕ್ಕಾಚಾರದಿಂದ ಕಂಡುಹಿಡಿಯುವ ವಿಧಾನ. ಇಂಪೆಲ್ಲರ್ ಎಂಬುದು ಪಂಪಿನ ಕವಚದೊಳಗೆ ತಿರುಗುತ್ತ ದ್ರವಕ್ಕೆ ಶಕ್ತಿ ನೀಡುವ, ಅಲಗುಗಳುಳ್ಳ ಚಕ್ರ. ಪಂಪು ದ್ರವವನ್ನು ಎಷ್ಟು ಎತ್ತರಕ್ಕೆ ತಳ್ಳಬಲ್ಲದು (ಹೆಡ್) ಮತ್ತು ಮೋಟಾರಿನಿಂದ ಎಷ್ಟು ಶಕ್ತಿ ಬೇಡುತ್ತದೆ ಎಂಬುದನ್ನು ತಿರುಗುವ ವೇಗದೊಂದಿಗೆ ಈ ವ್ಯಾಸವೂ ನಿರ್ಧರಿಸುತ್ತದೆ.

ಅಗತ್ಯ

ತಯಾರಕರು ಒಂದೇ ಕವಚದಲ್ಲಿ ಹಲವು ವ್ಯಾಸಗಳ ಇಂಪೆಲ್ಲರುಗಳನ್ನು ಕೂರಿಸಿ ಮಾರುತ್ತಾರೆ. ಪೂರ್ಣ ಗಾತ್ರದಲ್ಲಿ ಎರಕ ಹೊಯ್ದ ಇಂಪೆಲ್ಲರನ್ನು ಗ್ರಾಹಕನಿಗೆ ಬೇಕಾದ ಹೆಡ್‌ಗೆ ತಕ್ಕಂತೆ ಲೇತಿನಲ್ಲಿ ಕಡೆದು ಚಿಕ್ಕದು ಮಾಡುವುದು ವಾಡಿಕೆ. ಮುಂದೆ ದುರಸ್ತಿಯ ವೇಳೆ ಅದನ್ನು ಇನ್ನಷ್ಟು ಕಡೆದಿರಲೂಬಹುದು. ಆದ್ದರಿಂದ ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಪಂಪುಗಳ ಒಳಗೆ ಬೇರೆ ಬೇರೆ ವ್ಯಾಸಗಳಿರುವುದು ಅಪರೂಪವಲ್ಲ.

ಪಂಪಿನ ಹೆಸರಿನಲ್ಲಿರುವ ಸಂಖ್ಯೆಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಐಎಸ್‌ಒ 2858 ಮಾನಕದ ಪಂಪುಗಳಲ್ಲಿ 80-50-200 ಎಂದಿದ್ದರೆ ಹೀರುದ್ವಾರ 80 ಮಿ.ಮೀ., ಹೊರದ್ವಾರ 50 ಮಿ.ಮೀ., ಇಂಪೆಲ್ಲರಿನ ನಾಮಮಾತ್ರ ವ್ಯಾಸ 200 ಮಿ.ಮೀ. ಎಂದರ್ಥ. ಕೊನೆಯ ಸಂಖ್ಯೆ ಕವಚದ ಗಾತ್ರವರ್ಗವನ್ನು ಸೂಚಿಸುತ್ತದೆಯೇ ಹೊರತು ಒಳಗಿರುವ ಇಂಪೆಲ್ಲರಿನ ನಿಜವಾದ ಅಳತೆಯನ್ನಲ್ಲ. ನಾಮಫಲಕದಲ್ಲಿ ವ್ಯಾಸವನ್ನೇ ಕೆತ್ತಿದ್ದರೆ, ಅಥವಾ ಕ್ರಮಸಂಖ್ಯೆಯ ಮೂಲಕ ತಯಾರಕರ ದತ್ತಾಂಶ ಪತ್ರ ದೊರೆತರೆ, ಅದು ಪಂಪು ಕಾರ್ಖಾನೆಯಿಂದ ಹೊರಟ ದಿನದ ವ್ಯಾಸ ಎಂಬುದನ್ನು ನೆನಪಿಡಬೇಕು.

ಮುಚ್ಚಿದ ಕವಾಟದ ಪರೀಕ್ಷೆ

ಪಂಪನ್ನು ಬಿಚ್ಚದೆ ವ್ಯಾಸ ತಿಳಿಯಲು ಹೆಚ್ಚಾಗಿ ಬಳಸುವ ವಿಧಾನವಿದು. ಪಂಪು ಓಡುತ್ತಿರುವಾಗ ಡೆಲಿವರಿ ಕವಾಟವನ್ನು ಸ್ವಲ್ಪ ಹೊತ್ತು ಸಂಪೂರ್ಣ ಮುಚ್ಚಿ, ಡೆಲಿವರಿ ಮತ್ತು ಹೀರು ಬದಿಗಳ ಒತ್ತಡಮಾಪಕಗಳನ್ನು ಓದಲಾಗುತ್ತದೆ. ಹರಿವು ಶೂನ್ಯವಾಗಿರುವುದರಿಂದ ಹರಿವನ್ನು ಅಳೆಯುವ ಸಾಧನ ಬೇಕಿಲ್ಲ. ಕೊಳವೆಯ ಘರ್ಷಣೆ ಮತ್ತು ದ್ರವದ ವೇಗದಿಂದಾಗುವ ತಿದ್ದುಪಡಿಗಳೂ ಇಲ್ಲವಾಗುತ್ತವೆ. ಹೀಗೆ ದೊರೆಯುವ ಹೆಡ್‌ಗೆ ಶಟ್-ಆಫ್ ಹೆಡ್ ಎಂದು ಹೆಸರು. ತಯಾರಕರ ಕಾರ್ಯಕ್ಷಮತಾ ವಕ್ರರೇಖೆಗಳಲ್ಲಿ ಶೂನ್ಯ ಹರಿವಿನ ಬಿಂದುವಿನಲ್ಲಿ ಇದನ್ನು ಗುರುತಿಸಿದರೆ, ಅದು ಯಾವ ಎರಡು ವ್ಯಾಸಗಳ ರೇಖೆಗಳ ನಡುವೆ ಬೀಳುತ್ತದೆ ಎಂಬುದು ಕಾಣುತ್ತದೆ.

ಹೆಡ್ (ಮೀಟರ್) = ಒತ್ತಡಗಳ ವ್ಯತ್ಯಾಸ (ಪ್ರತಿ ಚದರ ಸೆಂ.ಮೀ.ಗೆ ಕಿಲೋಗ್ರಾಂ) × 10 ÷ ದ್ರವದ ಸಾಪೇಕ್ಷ ಸಾಂದ್ರತೆ

ಮಾಪಕವು ಬಾರ್ ಏಕಮಾನದಲ್ಲಿದ್ದರೆ 10ರ ಬದಲು 10.2 ಬಳಸಬೇಕು. ಡೆಲಿವರಿ ಮಾಪಕ ಹೀರು ಮಾಪಕಕ್ಕಿಂತ ಎತ್ತರದಲ್ಲಿದ್ದರೆ ಆ ಅಂತರವನ್ನು ಮೀಟರಿನಲ್ಲಿ ಕೂಡಿಸಬೇಕು. ನೀರು ಪಂಪಿಗಿಂತ ಕೆಳಗಿದ್ದು ಹೀರು ಮಾಪಕ ನಿರ್ವಾತವನ್ನು ತೋರಿಸುತ್ತಿದ್ದರೆ ಆ ಅಂಕಿಯನ್ನು ಕಳೆಯದೆ ಕೂಡಿಸಬೇಕು. ಬಹುಹಂತದ ಪಂಪಿನಲ್ಲಿ ಒಟ್ಟು ಹೆಡ್ಡನ್ನು ಹಂತಗಳ ಸಂಖ್ಯೆಯಿಂದ ಭಾಗಿಸಬೇಕು.

ಉದಾಹರಣೆ

ನಿಮಿಷಕ್ಕೆ 2900 ಸುತ್ತಿನ ವಕ್ರರೇಖೆಗಳ ಪ್ರಕಾರ ಒಂದು ಪಂಪಿನ ಶಟ್-ಆಫ್ ಹೆಡ್ 200 ಮಿ.ಮೀ. ವ್ಯಾಸಕ್ಕೆ 54 ಮೀಟರ್, 190ಕ್ಕೆ 48, 180ಕ್ಕೆ 43 ಎಂದುಕೊಳ್ಳೋಣ. ನೀರಿನ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಡೆಲಿವರಿ ಮಾಪಕ 4.9, ಹೀರು ಮಾಪಕ 0.4 ಕಿಲೋಗ್ರಾಂ ತೋರಿಸಿವೆ; ಮಾಪಕಗಳ ಎತ್ತರದ ಅಂತರ 0.6 ಮೀಟರ್. ಆಗ ಹೆಡ್ 45 + 0.6 = 45.6 ಮೀಟರ್.

ಇಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. ಕವಾಟ ಮುಚ್ಚಿದಾಗ ಮೋಟಾರಿನ ಹೊರೆ ಇಳಿದು ವೇಗ ತುಸು ಏರುತ್ತದೆ. ಟ್ಯಾಕೋಮೀಟರ್ 2940 ಸುತ್ತು ತೋರಿಸಿದೆ ಎಂದುಕೊಂಡರೆ, ಹೆಡ್ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 2900 ಸುತ್ತಿಗೆ ತಿದ್ದಿದ ಹೆಡ್ 45.6 × (2900 ÷ 2940)² = 44.4 ಮೀಟರ್. ಇದು 180 ಮತ್ತು 190ರ ರೇಖೆಗಳ ನಡುವೆ ಬಿದ್ದು, ವ್ಯಾಸ ಸುಮಾರು 183 ಮಿ.ಮೀ. ಎಂದಾಗುತ್ತದೆ.

ಡೆಲಿವರಿ ಮಾಪಕವನ್ನಷ್ಟೇ ಓದಿ 49 ಮೀಟರ್ ಎಂದು ಹಿಡಿದಿದ್ದರೆ ಉತ್ತರ ಸುಮಾರು 192 ಮಿ.ಮೀ. ಬರುತ್ತಿತ್ತು. ಒಂಬತ್ತು ಮಿಲಿಮೀಟರ್ ಕ್ಷುಲ್ಲಕವೆನಿಸಬಹುದು. ಆದರೆ ಪಂಪಿಗೆ ಬೇಕಾಗುವ ಶಕ್ತಿ ವ್ಯಾಸದ ಘನಕ್ಕೆ ಸರಿಸುಮಾರು ಅನುಪಾತದಲ್ಲಿ ಏರುತ್ತದೆ. ಆ ತಪ್ಪು ಅಳತೆಯ ಬದಲಿ ಇಂಪೆಲ್ಲರ್ ಕೂರಿಸಿದರೆ ಮೋಟಾರಿನ ಹೊರೆ ಸುಮಾರು 15% ಹೆಚ್ಚುತ್ತದೆ. ಮೊದಲೇ ಪೂರ್ಣ ಹೊರೆಯಲ್ಲಿರುವ ಮೋಟಾರಿನ ಸುರುಳಿ ಸುಟ್ಟುಹೋಗಲು ಇಷ್ಟು ಸಾಕಾಗಬಹುದು.

ಸವೆತದ ಪ್ರಭಾವ

ಹಳೆಯ ಪಂಪಿನಲ್ಲಿ ಕಡಿಮೆ ಹೆಡ್ ಕಂಡರೆ ಕಾರಣ ಚಿಕ್ಕ ಇಂಪೆಲ್ಲರೋ, ಸವೆದ ವೇರ್ ರಿಂಗ್‌ಗಳೋ ಎಂಬ ಪ್ರಶ್ನೆ ಏಳುತ್ತದೆ. ವೇರ್ ರಿಂಗ್ ಸವೆದಾಗ ಸ್ವಲ್ಪ ನೀರು ಒಳಗೊಳಗೇ ಹೀರು ಬದಿಗೆ ಮರಳುತ್ತದೆ. ಇಂತಹ ಪಂಪಿನಲ್ಲಿ ಹೆಡ್ಡಿನ ಕೊರತೆ ಶೂನ್ಯ ಹರಿವಿನ ಬಳಿ ಅಲ್ಪವಾಗಿದ್ದು, ಹರಿವು ಹೆಚ್ಚಿದಂತೆ ಬೆಳೆಯುತ್ತದೆ. ಇಂಪೆಲ್ಲರನ್ನು ಕಡೆದಿದ್ದರೆ ಇಡೀ ವಕ್ರರೇಖೆಯೇ ಬಹುಮಟ್ಟಿಗೆ ಸಮಾಂತರವಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಹರಿವು ತಿಳಿದಿರುವ ಇನ್ನೊಂದು ಬಿಂದುವಿನಲ್ಲೂ ಓದು ತೆಗೆದುಕೊಂಡರೆ ಎರಡನ್ನೂ ಬೇರ್ಪಡಿಸಬಹುದು. ಶಟ್-ಆಫ್ ಪರೀಕ್ಷೆಯನ್ನು ನೆಚ್ಚಲು ಇದೂ ಒಂದು ಕಾರಣ. ಅಲಗುಗಳ ತುದಿಯೇ ಮರಳಿನಿಂದ ಸವೆದಿದ್ದರೆ ಪರೀಕ್ಷೆಯು ಉಳಿದಿರುವ ಪರಿಣಾಮಕಾರಿ ವ್ಯಾಸವನ್ನು ತೋರಿಸುತ್ತದೆ.

ಎಚ್ಚರಿಕೆಗಳು

ಮುಚ್ಚಿದ ಕವಾಟದ ವಿರುದ್ಧ ಪಂಪನ್ನು ಓದು ಸ್ಥಿರವಾಗುವವರೆಗೆ ಮಾತ್ರ ಓಡಿಸಬೇಕು. ಮೋಟಾರಿನ ಶಕ್ತಿಯೆಲ್ಲ ಕವಚದೊಳಗಿನ ಅಲ್ಪ ದ್ರವವನ್ನು ಕಾಯಿಸತೊಡಗುತ್ತದೆ. ಮಿಶ್ರಹರಿವಿನ ಮತ್ತು ಅಕ್ಷೀಯ ಹರಿವಿನ ಪಂಪುಗಳು ಶೂನ್ಯ ಹರಿವಿನಲ್ಲಿ ಹೆಚ್ಚು ಶಕ್ತಿ ಬೇಡಬಹುದಾದ್ದರಿಂದ ಅವುಗಳಿಗೆ ಈ ಪರೀಕ್ಷೆ ಸಲ್ಲದು. ಗೇರ್ ಪಂಪು, ಪಿಸ್ಟನ್ ಪಂಪುಗಳಂತಹ ಧನಾತ್ಮಕ ಸ್ಥಾನಪಲ್ಲಟದ ಪಂಪುಗಳಲ್ಲಿ ಡೆಲಿವರಿ ಮುಚ್ಚುವುದು ನೇರವಾಗಿ ಅಪಾಯಕಾರಿ. ಬೈಪಾಸ್ ಕೊಳವೆ ತೆರೆದಿದ್ದರೆ, ಕವಾಟ ಸೋರುತ್ತಿದ್ದರೆ ಅಥವಾ ಕವಚದಲ್ಲಿ ಗಾಳಿ ಉಳಿದಿದ್ದರೆ ಓದು ತಪ್ಪಾಗುತ್ತದೆ.

ವಕ್ರರೇಖೆ ಲಭ್ಯವಿಲ್ಲದಾಗ

ಅಂಚಿನ ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಬರುವ ಮೊತ್ತದ ಸುಮಾರು 1.1ರಷ್ಟು ಶಟ್-ಆಫ್ ಹೆಡ್ ಇರುತ್ತದೆ ಎಂಬುದು ಸ್ಥೂಲ ನಿಯಮ. ಮೇಲಿನ ಉದಾಹರಣೆಗೆ ಇದರಿಂದ 185 ಮಿ.ಮೀ. ಬರುತ್ತದೆ. ಗುಣಕವನ್ನು 1.0 ಎಂದು ಹಿಡಿದರೆ 194, 1.2 ಎಂದರೆ 177 ಬರುವುದರಿಂದ, ಬಿಡಿಭಾಗಕ್ಕೆ ಬೇಡಿಕೆ ಸಲ್ಲಿಸಲು ಈ ಲೆಕ್ಕವೊಂದನ್ನೇ ನಂಬಬಾರದು.

ನೇರ ಅಳತೆ

ಪಂಪನ್ನು ಬಿಚ್ಚಲು ಅವಕಾಶವಿದ್ದರೆ ನೇರ ಅಳತೆಯೇ ನಿರ್ಣಾಯಕ. ಮುಚ್ಚು ಇಂಪೆಲ್ಲರಿನಲ್ಲಿ ಹೊರ ಅಂಚನ್ನು ಕ್ಯಾಲಿಪರಿನಿಂದ ಅಳೆಯಬಹುದು, ಅಥವಾ ಸುತ್ತಳತೆಯನ್ನು 3.1416ರಿಂದ ಭಾಗಿಸಬಹುದು. ತೆರೆದ ಇಂಪೆಲ್ಲರಿನಲ್ಲಿ ಅಲಗುಗಳ ಸಂಖ್ಯೆ ಬೆಸವಾಗಿದ್ದರೆ ಎದುರುಬದುರಾಗಿ ಎರಡು ತುದಿಗಳು ಸಿಗುವುದಿಲ್ಲ. ಆಗ ಅಕ್ಷದ ಕೇಂದ್ರದಿಂದ ಒಂದು ಅಲಗಿನ ತುದಿಯವರೆಗೆ ಅಳೆದು ಇಮ್ಮಡಿಗೊಳಿಸಬೇಕು. ಡಿಫ್ಯೂಸರ್ ಇರುವ ಪಂಪುಗಳಲ್ಲಿ ಕೆಲವೊಮ್ಮೆ ಪಕ್ಕದ ತಟ್ಟೆಗಳನ್ನು ಹಾಗೆಯೇ ಉಳಿಸಿ ಅಲಗುಗಳನ್ನು ಮಾತ್ರ ಕಡೆದಿರುತ್ತಾರೆ. ಅಲ್ಲಿ ಲೆಕ್ಕಕ್ಕೆ ಬರುವುದು ಅಲಗಿನ ವ್ಯಾಸವೇ. ಅಂಚನ್ನು ಓರೆಯಾಗಿ ಕಡೆದಿದ್ದರೆ ಎರಡೂ ಬದಿಯ ವ್ಯಾಸಗಳ ವರ್ಗಗಳ ಸರಾಸರಿಗೆ ವರ್ಗಮೂಲ ತೆಗೆದುಕೊಳ್ಳಲಾಗುತ್ತದೆ.