ಯಜಮಾನಿಯ ಕೈಗೆ ಬರುವ ಎರಡು ಸಾವಿರ

ನಾಟಿ ಮುಗಿದು ಕೊಯ್ಲು ಬರುವ ತನಕ, ಎಂದರೆ ಶ್ರಾವಣದಿಂದ ದೀಪಾವಳಿಯವರೆಗೆ, ಉತ್ತರ ಕನ್ನಡದ ಹಳಿಯಾಳ ಮುಂಡಗೋಡಗಳ ಬಯಲಲ್ಲಾಗಲಿ, ದಾಂಡೇಲಿ ಜೋಯಿಡಾಗಳ ಕಾಡಂಚಿನಲ್ಲಾಗಲಿ ಭೂಮಿಯಿಲ್ಲದವನಿಗೆ ಕೂಲಿ ಅಪರೂಪ. ಕೂಲಿ ನಿಂತಿತೆಂದು ಒಲೆ ನಿಲ್ಲುವಂತಿಲ್ಲವಾದ ಕಾರಣ ಆತನು ಅಂಗಡಿಯಲ್ಲಿ ಉದ್ದರಿ ಬರೆಸುತ್ತಾನೆ, ಇಲ್ಲವೆ ಜಮೀನುದಾರನಲ್ಲಿ ಮುಂಗಡ ಪಡೆಯುತ್ತಾನೆ, ಆ ಮುಂಗಡವನ್ನು ಸುಗ್ಗಿಯಲ್ಲಿ, ಸಿಕ್ಕ ದರಕ್ಕೆ, ಮೈಮುರಿದು ತೀರಿಸುತ್ತಾನೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿಯರ ಎಷ್ಟೋ ಮನೆಗಳು ಇಂತಹ ಸಾಲದ ಜೀತದಲ್ಲಿ ತಲೆಮಾರುಗಳನ್ನೇ ಕಳೆದವು. 1976ರ ಕಾಯಿದೆಯು ಜೀತವನ್ನು ಅಪರಾಧವೆಂದು ಸಾರಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಆದರೂ ಕಾಯಿದೆಯು ಜೀತವನ್ನು ನಿಷೇಧಿಸಬಲ್ಲುದೇ ಹೊರತು ಜೀತಕ್ಕೆ ದೂಡುವ ಭಾದ್ರಪದದ ಹಸಿವನ್ನು ನಿಷೇಧಿಸಲಾರದು.

ಖಚಿತ ಮೂಲ ಆದಾಯವೆಂದು ಅರ್ಥಶಾಸ್ತ್ರಜ್ಞರು ಹೇಳುವ ವಿಚಾರವು ಹುಟ್ಟಿದ್ದು ಈ ಹಸಿವಿಗೆ ಉತ್ತರವಾಗಿಯೇ. ದುಡಿಮೆ ದೊರೆಯಲಿ ಬಿಡಲಿ, ಯಾವ ಷರತ್ತೂ ಇಲ್ಲದೆ, ಅಲ್ಪವಾದರೂ ನಿಶ್ಚಿತವಾದ ಒಂದು ಮೊತ್ತವು ನಿಯತಕಾಲಕ್ಕೆ ಪ್ರತಿಯೊಬ್ಬರ ಕೈಗೂ ಸೇರಬೇಕೆಂಬುದು ಇದರ ತಿರುಳು. ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ತನ್ನ ಲೇಖನಿಯನ್ನು ಮುಡಿಪಾಗಿಟ್ಟ ಥಾಮಸ್ ಪೇಯ್ನ್, 1797ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯೊಂದರಲ್ಲಿ, ಭೂಮಿಯು ಮೂಲತಃ ಸಮಸ್ತರ ಸ್ವತ್ತೆಂದೂ, ಅದನ್ನು ಕೆಲವರು ಬೇಲಿ ಹಾಕಿ ತಮ್ಮದಾಗಿಸಿಕೊಂಡುದರಿಂದ ಉಳಿದವರಿಗೆ ಪರಿಹಾರವು ಸಲ್ಲಬೇಕೆಂದೂ ವಾದಿಸಿ, 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಒಮ್ಮೆಗೆ 15 ಪೌಂಡುಗಳನ್ನು, 50 ತುಂಬಿದವರಿಗೆ ವರ್ಷಕ್ಕೆ 10 ಪೌಂಡುಗಳನ್ನು ಕೊಡಬೇಕೆಂದು ಲೆಕ್ಕ ಹಾಕಿ ತೋರಿಸಿದನು. ಅಲಾಸ್ಕ ರಾಜ್ಯವು ತನ್ನ ಎಣ್ಣೆಯ ಸಂಪತ್ತಿನಿಂದ ಕಟ್ಟಿದ ನಿಧಿಯ ಲಾಭಾಂಶವನ್ನು 1982ರಿಂದ ತನ್ನ ನಿವಾಸಿಗಳೆಲ್ಲರಿಗೂ ವರ್ಷಕ್ಕೊಮ್ಮೆ ಹಂಚುತ್ತ ಬಂದಿರುವುದು ಇದೇ ತರ್ಕದ ಮೇಲೆ.

ಈ ತರ್ಕವು ದಾಂಡೇಲಿ ಜೋಯಿಡಾಗಳಲ್ಲಿ ಹರಿಯುವ ಕಾಳೀ ನದಿಯ ಕಣಿವೆಗೆ ಒಪ್ಪುವಷ್ಟು ನಮ್ಮ ನಾಡಿನ ಬೇರೆ ಎಲ್ಲಿಗೂ ಒಪ್ಪದೆಂದು ನನಗೆ ತೋರುತ್ತದೆ. ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ತಾಲೂಕು ಕೇಂದ್ರವೇ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ಜನರು ಹೋದಲ್ಲಿಗೆ ಹೋದರು. ಆ ನೀರು ಅಂಬಿಕಾನಗರದ ಬಳಿ ನಾಗಝರಿಯಲ್ಲಿ ವಿದ್ಯುತ್ತಾಗಿ ರಾಜ್ಯದ ದೂರದ ಊರುಗಳ ದೀಪಗಳನ್ನು ಬೆಳಗಿಸುತ್ತಿದೆ. ಬಿದಿರು ದಾಂಡೇಲಿಯಲ್ಲಿ ಕಾಗದವಾಯಿತು, ಸಾಗುವಾನಿ ಪಟ್ಟಣಗಳ ಮನೆಗಳಿಗೆ ಬಾಗಿಲಾಯಿತು, ಉಳಿದ ಅರಣ್ಯವು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇವೆಲ್ಲವೂ ನಾಡಿಗೆ ಬೇಕಾದುವೇ. ಹುಲಿಯೂ ಬೇಕು, ವಿದ್ಯುತ್ತೂ ಬೇಕು. ಆದರೆ ಇವುಗಳ ಬೆಲೆಯನ್ನು ತೆತ್ತವರು ಇಲ್ಲಿನ ಕಾಡುಗಳಲ್ಲಿ ಬದುಕುವ ಕುಣಬಿಗಳು, ಗೌಳಿಗಳು, ಸಿದ್ದಿಯರು. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಕುಣಬಿಗಳ ಬೇಡಿಕೆ ಬಹುಕಾಲದಿಂದ ನನೆಗುದಿಗೆ ಬಿದ್ದಿರುವುದರಿಂದ, 2006ರ ಅರಣ್ಯ ಹಕ್ಕು ಕಾಯಿದೆಯಡಿ ಅವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ, ವಾಸ್ತವ್ಯಕ್ಕೆ ಸಾಕ್ಷ್ಯ ಒದಗಿಸಬೇಕಾಗಿದೆ. ಗೆಡ್ಡೆಗೆಣಸು ಬೆಳೆದು ಕಾಡಿನೊಡನೆ ಬದುಕಿದವರು 75 ವರ್ಷಗಳ ಕಾಗದಪತ್ರಗಳನ್ನು ಎಲ್ಲಿಂದ ತಂದಾರು? ಇಂತಹವರಿಗೆ ಸರಕಾರವು ತಿಂಗಳಿಗಿಷ್ಟೆಂದು ಹಣ ಕೊಟ್ಟರೆ ಅದನ್ನು ಬಿಟ್ಟಿ ಭಾಗ್ಯವೆಂದು ಕರೆಯುವುದು ಅನ್ಯಾಯ. ಅದು ಅವರಿಗೆ ಸಲ್ಲಬೇಕಾದ ಪಾಲು.

ಕರ್ನಾಟಕದಲ್ಲಿ ಈ ವಿಚಾರಕ್ಕೆ ಅತ್ಯಂತ ಸಮೀಪವಾಗಿ ಬಂದಿರುವುದು ಗೃಹಲಕ್ಷ್ಮಿ ಯೋಜನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ, ಆದಾಯ ತೆರಿಗೆಯನ್ನೋ ಜಿಎಸ್‌ಟಿಯನ್ನೋ ಕಟ್ಟುವ ಮನೆಗಳನ್ನು ಬಿಟ್ಟು, ರೇಷನ್ ಕಾರ್ಡಿನಲ್ಲಿ ಯಜಮಾನಿಯೆಂದು ನಮೂದಾದ ಮಹಿಳೆಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಜಮಾ ಆಗಬೇಕು. ಸುಮಾರು 1.2 ಕೋಟಿ ಮಹಿಳೆಯರಿಗಾಗಿ ವರ್ಷಕ್ಕೆ 28,000 ಕೋಟಿಗೂ ಮಿಗಿಲಾದ ವೆಚ್ಚ. ಮೊತ್ತವು ದೊಡ್ಡದೆನ್ನುವವರು ಮನೆಯ ಒಳಗಿನಿಂದಲೂ ಒಮ್ಮೆ ಲೆಕ್ಕ ಹಾಕಬೇಕು. 2024-25ರಲ್ಲಿ ರಾಜ್ಯದ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿಯಿತ್ತು. ಎರಡು ಸಾವಿರವೆಂದರೆ ಆರು ದಿನದ ಕೂಲಿಯೂ ಅಲ್ಲ. ಐದು ಮಂದಿಯ ಮನೆಯಲ್ಲಿ ತಲೆಗೆ 400 ಬಂದೀತು. ಕೇಂದ್ರ ಸರಕಾರದ 2016-17ರ ಆರ್ಥಿಕ ಸಮೀಕ್ಷೆಯು ಸಾರ್ವತ್ರಿಕ ಮೂಲ ಆದಾಯವನ್ನು ಚರ್ಚಿಸುತ್ತ ಮುಂದಿಟ್ಟ ಅಂಕಿ ತಲೆಗೆ ವರ್ಷಕ್ಕೆ 7,620, ಎಂದರೆ ತಿಂಗಳಿಗೆ 635. ಹಾಗಿದ್ದರೂ ಗೃಹಲಕ್ಷ್ಮಿಯ ಪ್ರಭಾವವು ಮೊತ್ತವನ್ನು ಮೀರಿದುದು; ಏಕೆಂದರೆ ಉಳ್ಳವರ ಮನೆಯಲ್ಲಿ ಗಣನೆಗೂ ಬಾರದ ಎರಡು ಸಾವಿರವು ಇಲ್ಲದವರ ಮನೆಯಲ್ಲಿ ಎಣ್ಣೆ, ಬೇಳೆ, ಒಣಮೀನು, ಮಕ್ಕಳ ಪಟ್ಟಿಪುಸ್ತಕಗಳಾಗುತ್ತದೆ, ಮತ್ತು ಜಮೀನುದಾರನ ಅಂಗಳದಲ್ಲಿ ಮುಂಗಡಕ್ಕಾಗಿ ನಿಲ್ಲುವ ಅಗತ್ಯವನ್ನು ಒಂದು ತಿಂಗಳಾದರೂ ಮುಂದಕ್ಕೆ ಹಾಕುತ್ತದೆ.

ಕೂತಲ್ಲಿಗೆ ದುಡ್ಡು ಬಂದರೆ ಜನ ಸೋಮಾರಿಗಳಾಗುವರೆಂಬ ಮಾತನ್ನು ಹೊಲ ಮನೆ ಉಳ್ಳವರಿಂದ ಮೇಲಿಂದ ಮೇಲೆ ಕೇಳುತ್ತೇವೆ. 2011-12ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಸ್ವಉದ್ಯೋಗಿ ಮಹಿಳೆಯರ ‘ಸೇವಾ’ ಸಂಘಟನೆಯು ಯುನಿಸೆಫ್ ನೆರವಿನಿಂದ ಪ್ರಯೋಗವೊಂದನ್ನು ನಡೆಸಿ, ವಯಸ್ಕರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿಗಳನ್ನು, ವರ್ಷದ ಬಳಿಕ 300 ಮತ್ತು 150ನ್ನು, ಷರತ್ತಿಲ್ಲದೆ ಕೊಟ್ಟಿತು. ಅಲ್ಲಿ ದುಡಿಮೆ ಕುಗ್ಗಲಿಲ್ಲ. ಕೂಲಿಗೆ ಹೋಗುತ್ತಿದ್ದವರು ತಮ್ಮ ತುಂಡುಭೂಮಿಯಲ್ಲಿಯೇ ಹೆಚ್ಚು ಹೊತ್ತು ಗೇಯತೊಡಗಿದರು, ಸಾಲ ಇಳಿಯಿತು, ಮಕ್ಕಳ ತೂಕ, ಅದರಲ್ಲಿಯೂ ಹೆಣ್ಣುಮಕ್ಕಳದು, ಸುಧಾರಿಸಿತು. 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟ ಫಿನ್ಲೆಂಡಿನಲ್ಲಿಯೂ ಅವರು ಕೆಲಸ ಹುಡುಕುವುದನ್ನು ಬಿಡಲಿಲ್ಲ. ಸೋಮಾರಿತನದ ಆಕ್ಷೇಪವು ಪರೀಕ್ಷೆಗೆ ನಿಂತಿಲ್ಲ.

ನಿಜವಾದ ಆಕ್ಷೇಪ ಬೇರೆಯದು. ಪ್ರತಿ ತಿಂಗಳೂ ಬರಬೇಕಾದ ಗೃಹಲಕ್ಷ್ಮಿಯ ಕಂತು ತಿಂಗಳುಗಟ್ಟಲೆ ತಡವಾಗಿ, ಒಮ್ಮೆಗೆ ಒಂದೆರಡು ಕಂತುಗಳಾಗಿ ಬಂದದ್ದನ್ನು ರಾಜ್ಯವೆಲ್ಲ ಕಂಡಿದೆ. ಯಾವಾಗ ಬರುವುದೋ ತಿಳಿಯದ ಹಣವನ್ನು ನಂಬಿ ಯಾರೂ ಮುಂಗಡವನ್ನು ನಿರಾಕರಿಸಲಾರರು. ವಾರವಾರ ಮನೆಬಾಗಿಲಿಗೆ ಬರುವ ಮೈಕ್ರೋಫೈನಾನ್ಸಿನವನು, ಆತನ ಕಿರುಕುಳದ ವಿರುದ್ಧ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯೇ ಬಂದಿದ್ದರೂ, ಸರಕಾರದ ಕಂತಿಗಾಗಿ ಕಾಯುವವನಲ್ಲ. ಒಳಹಳ್ಳಿಯ ಹೆಂಗಸು ಬೆಳಗಿನ ಬಸ್ಸು ಹಿಡಿದು ಬ್ಯಾಂಕಿಗೆ ಬಂದು, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಸರದಿಯಲ್ಲಿ ನಿಂತು, ದುಡ್ಡು ಜಮಾ ಆಗಿಲ್ಲವೆಂದೋ, ಆಧಾರ್ ಲಿಂಕ್ ತಪ್ಪಿದೆಯೆಂದೋ ಕೇಳಿ, ಕಳೆ ಕಿತ್ತು ಸವೆದ ಹೆಬ್ಬೆರಳನ್ನು ಯಂತ್ರವು ಗುರುತಿಸದೆ ಹೋದಾಗ ಸೆರಗಿನಿಂದ ಒರೆಸಿ ಮತ್ತೆ ಒತ್ತಿ, ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಮರಳಿದರೆ, ಆಕೆ ಕಳೆದುಕೊಂಡದ್ದು ಒಂದು ದಿನದ ಕೂಲಿ. ಮಹಿಳೆಯರಿಗೆ ಬಸ್ಸಿನ ಟಿಕೆಟ್ಟು 2023ರ ಜೂನ್‌ನಿಂದ ಉಚಿತವಾಗಿದೆ. ಆಕೆಯ ದಿನ ಉಚಿತವಲ್ಲ.

ಹಣವು ಮನೆಗೊಂದರಂತೆ ಸಲ್ಲುವುದೂ ಒಂದು ಕೊರತೆ. ಗೌಳಿಗಳ ಕೂಡುಕುಟುಂಬದಲ್ಲಿ ಅತ್ತೆಯ ಹೆಸರಿಗೆ ಕಾರ್ಡು ಇದ್ದರೆ ಮೂವರು ಸೊಸೆಯಂದಿರ ಕೈಗೆ ಏನೂ ಬರದು. ಅತ್ತೆ ತೀರಿಕೊಂಡರೆ ಕಾರ್ಡು ತಿದ್ದಿಸುವ ತನಕ ಯಾರಿಗೂ ಬರದು. 2023ರಲ್ಲಿ ನಿಗದಿಯಾದ ಮೊತ್ತವು ಬೆಲೆಗಳು ಏರಿದರೂ ಅಲ್ಲಿಯೇ ನಿಂತಿದೆ. ಇನ್ನು, ಈ ಹಣವೊಂದೇ ಸಾಲದು: ಅರಣ್ಯ ಹಕ್ಕಿನ ಪಟ್ಟಾಕ್ಕೂ, ವೈದ್ಯರಿರುವ ಆಸ್ಪತ್ರೆಗೂ, ಮಳೆಗಾಲದಲ್ಲಿ ಮುಚ್ಚದ ರಸ್ತೆಗೂ ಇದು ಬದಲಿಯಲ್ಲವೆಂಬುದನ್ನು ಆಳುವವರು ಮರೆಯಬಾರದು.

ತಿಂಗಳ ಇಂತಹ ತಾರೀಕಿಗೆ ಹಣ ಜಮಾ ಆಗತಕ್ಕದ್ದೆಂಬುದನ್ನು ಶಾಸನದಲ್ಲಿಯೇ ಬರೆಯಬೇಕು. ವರ್ಷವರ್ಷವೂ ಬೆಲೆಯೇರಿಕೆಗೆ ತಕ್ಕಂತೆ ಮೊತ್ತವು ಏರಬೇಕು. ಕಾರ್ಡಿಗೊಂದರ ಬದಲು ವಯಸ್ಕ ಮಹಿಳೆಯರೆಲ್ಲರಿಗೂ ಅದು ಸಲ್ಲಬೇಕು, ಅದನ್ನು ಕಾಳೀ ಕಣಿವೆಯಂತಹ, ಕಾಡನ್ನೂ ನದಿಯನ್ನೂ ನಾಡಿಗೆ ಕೊಟ್ಟ ಸೀಮೆಗಳಿಂದ ಆರಂಭಿಸಬೇಕು. ಮುಂದಿನ ಆಯವ್ಯಯಕ್ಕೆ ಮುನ್ನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಗ್ರಾಮಸಭೆಗಳು ಇಷ್ಟನ್ನು ಠರಾವು ಮಾಡಿ ಬೆಂಗಳೂರಿಗೆ ಕಳುಹಿಸಲಿ.